ವಿಲ್ನಿಯಸ್‌ನ ಸ್ಪೋರ್ಟ್ಸ್ ಪ್ಯಾಲೇಸ್: ಒಂದೇ ನೆಲ, ಎರಡು ಶೋಕ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ನೆರಿಸ್ ನದಿಯ ಬಲದಂಡೆ ಮೇಲೆ ಒಂದು ದೊಡ್ಡ ಕಾಂಕ್ರೀಟ್ ಕಟ್ಟಡ ಖಾಲಿ ನಿಂತಿದೆ. ಅದರ ಬಗ್ಗೆ ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ. ಅರವತ್ತು ದಾಟಿದವರು ಅಪ್ಪನ ಜೊತೆ ನೋಡಿದ ಬಾಸ್ಕೆಟ್‌ಬಾಲ್ ಪಂದ್ಯ ನೆನೆಸಿಕೊಳ್ಳುತ್ತಾರೆ. ಅವರಿಗಿಂತ ಸ್ವಲ್ಪ ಚಿಕ್ಕವರು 1988ರ ಅಕ್ಟೋಬರ್ ಬಗ್ಗೆ, 1991ರ ಜನವರಿ ಬಗ್ಗೆ ಮಾತಾಡುತ್ತಾರೆ. ಕಾಲೇಜು ಹುಡುಗರಿಗೆ ಅದು ಬೇಲಿ ಹಾಕಿದ, ಗೋಡೆ ತುಂಬ ಬಣ್ಣದಲ್ಲಿ ಗೀಚಿದ ಪಾಳು ಕಟ್ಟಡ, ಅಷ್ಟೇ. ಯಹೂದಿಗಳನ್ನು ಕೇಳಿದರೆ ಮಾತು ಕಟ್ಟಡದ ಬಗ್ಗೆ ಹೋಗುವುದೇ ಇಲ್ಲ. ಅದರ ಅಡಿಯಲ್ಲಿ ಮಲಗಿರುವವರ ಬಗ್ಗೆ ಹೋಗುತ್ತದೆ.

ಕೆಲಸದ ಮೇಲೆ ಈ ಊರಿಗೆ ಬಂದು ನೆಲೆಸಿದ ನನಗೆ ಇದು ದಿನಾ ಓಡಾಡುವ ದಾರಿಯಲ್ಲೇ ಸಿಗುತ್ತದೆ. ಮೊದಮೊದಲು ಸುಮ್ನೆ ನೋಡಿ ಮುಂದೆ ಹೋಗುತ್ತಿದ್ದೆ. ಆಮೇಲೆ ಒಬ್ಬೊಬ್ಬರ ಕಥೆ ಕಿವಿಗೆ ಬೀಳತೊಡಗಿತು. ಈಗ ಅದರ ಮುಂದೆ ಹಾದುಹೋಗುವಾಗ ಕಾಲು ತಾನಾಗಿಯೇ ನಿಧಾನವಾಗುತ್ತದೆ.

ಕಟ್ಟಡದ ಹೆಸರು ಕಾನ್ಸರ್ಟ್ಸ್ ಅಂಡ್ ಸ್ಪೋರ್ಟ್ಸ್ ಪ್ಯಾಲೇಸ್. ಮುಗಿದಿದ್ದು 1971ರಲ್ಲಿ. ವಾಸ್ತುಶಿಲ್ಪಿಗಳು ಎಡ್ವಾರ್ಡಾಸ್ ಖ್ಲೋಮೌಸ್ಕಾಸ್, ಯೋನಾಸ್ ಕ್ರಿಯುಕೆಲಿಸ್, ಜಿಗ್ಮಾಸ್ ಲಿಯಾಂಡ್ಜ್‌ಬರ್ಗಿಸ್. ನದಿಯ ಆಚೆ ದಡದಲ್ಲಿರುವ ಗೆಡಿಮಿನಾಸ್ ಗುಡ್ಡದ ಮೇಲೆ ನಿಂತು ನೋಡಿದರೆ ಇದರ ಆಕಾರ ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ತುದಿಗಳು ಮೇಲಕ್ಕೆದ್ದಿವೆ, ಮಧ್ಯದಲ್ಲಿ ಸೂರು ತಗ್ಗಿದೆ. ಪಕ್ಕದಲ್ಲಿ ಸಾಲಾಗಿ ಓರೆಯಾದ ಕಾಂಕ್ರೀಟ್ ಕಂಬಗಳಿವೆ. ಇದನ್ನು ಕುರೂಪ ಅನ್ನುವವರು ಬೇಕಾದಷ್ಟಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅಷ್ಟು ಭಾರದ ಕಾಂಕ್ರೀಟ್‌ನಿಂದ ಅಷ್ಟು ಹಗುರವಾದ ಗೆರೆ ಎಳೆದವರ ಕೈ ಸಣ್ಣದಲ್ಲ.

ಆ ತಗ್ಗಿದ ಸೂರಿಗೆ ಕಾರಣವಿದೆ. ಒಳಗೆ ಅಂಕಣದ ನಡುವೆ ಕಂಬ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ನೋಡುವವರಿಗೆ ಆಟ ಕಾಣುವುದಿಲ್ಲ. ಹಾಗಾಗಿ ಉಕ್ಕಿನ ಹಗ್ಗಗಳನ್ನು ಈ ತುದಿಯಿಂದ ಆ ತುದಿಗೆ ಕಟ್ಟಿ, ಅದರ ಮೇಲೆ ಚಾವಣಿ ಹೊದಿಸಿದರು. ಹಗ್ಗ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ, ಆ ಜೋತುಬಿದ್ದ ಗೆರೆಯೇ ಸೂರಿನ ಆಕಾರ. ಆದರೆ ಹಗ್ಗ ಎರಡೂ ತುದಿಗಳನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಬಗ್ಗದ ಹಾಗೆ ತುದಿಗಳು ಗಟ್ಟಿಯಾಗಿ ನಿಲ್ಲಬೇಕು. ಎಲ್ಲ ಭಾಗಗಳೂ ಒಂದನ್ನೊಂದು ಹಿಡಿದುಕೊಂಡಿರುವ ಕಟ್ಟಡ ಇದು. ಇಂಥ ಸೂರನ್ನು ಕೆಡವುವುದು ಎಷ್ಟು ಅಪಾಯ ಅನ್ನುವುದಕ್ಕೆ ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಕೆ ಕ್ರೀಡಾಂಗಣ ಸಾಕ್ಷಿ. 1980ರಲ್ಲಿ ತೆರೆದ ಆ ಕ್ರೀಡಾಂಗಣದ್ದೂ ತೂಗುಸೂರು, 160 ಮೀಟರ್ ಅಗಲದ ಉಕ್ಕಿನ ಹಾಳೆ. 2020ರ ಜನವರಿ 31ರಂದು ಅದನ್ನು ಬಿಚ್ಚುತ್ತಿದ್ದಾಗ ಇಡೀ ಸೂರು ಕ್ಷಣದಲ್ಲಿ ಕುಸಿಯಿತು. ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಕಾರ್ಮಿಕ ಸತ್ತುಹೋದ.

ಸೋವಿಯತ್ ಒಕ್ಕೂಟದ ದೊಡ್ಡ ಊರುಗಳಲ್ಲೆಲ್ಲ ಇಂಥದ್ದೊಂದು ಇತ್ತು. ಮಾಸ್ಕೋದ ಲುಜ್ನಿಕಿಯಲ್ಲಿ 1956ರಲ್ಲಿ ಬಂತು. ಕೀವ್‌ನಲ್ಲಿ 1960, ಟಿಬಿಲಿಸಿಯಲ್ಲಿ 1961, ಮಿನ್ಸ್ಕ್‌ನಲ್ಲಿ 1966. ಚಳಿಗಾಲ ಉದ್ದವಿರುವ ದೇಶದಲ್ಲಿ ಸಾವಿರಾರು ಜನ ಬೆಚ್ಚಗೆ ಕೂತು ಆಟ ನೋಡಲು, ಹಾಡು ಕೇಳಲು ಒಂದು ಜಾಗ ಬೇಕಿತ್ತು. ಆಳುವ ಕಮ್ಯುನಿಸ್ಟ್ ಪಕ್ಷಕ್ಕೂ ತನ್ನ ಸಮಾವೇಶ ನಡೆಸಲು ಜಾಗ ಬೇಕಿತ್ತು. ಎಲ್ಲಕ್ಕೂ ಒಂದೇ ಸಭಾಂಗಣ. ವಿಲ್ನಿಯಸ್‌ನಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಕೂರಬಹುದಿತ್ತು. ಬಾಕ್ಸಿಂಗ್, ವಾಲಿಬಾಲ್ ಎಲ್ಲ ನಡೆದವು. ಸಂಜೆ ಅದೇ ಅಂಕಣದ ಮೇಲೆ ವೇದಿಕೆ ಹಾಕಿದರೆ ಸಂಗೀತ ಕಾರ್ಯಕ್ರಮ.

ಆದರೆ ಜನರ ಮನಸ್ಸಿನಲ್ಲಿ ಉಳಿದಿರುವುದು ಬಾಸ್ಕೆಟ್‌ಬಾಲ್. ಈ ಆಟದ ಹುಚ್ಚು ಇಲ್ಲಿ ಸೋವಿಯತ್ ಆಳ್ವಿಕೆಗೂ ಮುಂಚಿನದು. ಸ್ವತಂತ್ರ ಲಿಥುವೇನಿಯಾ 1937ರಲ್ಲಿ, 1939ರಲ್ಲಿ ಯುರೋಪಿನ ಚಾಂಪಿಯನ್ ಆಗಿತ್ತು. ಮರುವರ್ಷವೇ ಸೋವಿಯತ್ ಒಕ್ಕೂಟ ಅದನ್ನು ಸೇರಿಸಿಕೊಂಡಿತು, ದೇಶ ನಕ್ಷೆಯಿಂದ ಅಳಿಸಿಹೋಯಿತು. ಆಮೇಲೆ ಅರ್ಧ ಶತಮಾನ ನಮ್ಮವರು ಅಂತ ಗಟ್ಟಿಯಾಗಿ ಕೂಗಲು ಉಳಿದ ಕೆಲವೇ ಜಾಗಗಳಲ್ಲಿ ಬಾಸ್ಕೆಟ್‌ಬಾಲ್ ಅಂಕಣ ಒಂದು. ಕೌನಾಸ್ ಊರಿನ ಜಾಲ್ಗಿರಿಸ್ ತಂಡ ಮಾಸ್ಕೋದ ಸೇನಾ ತಂಡವನ್ನು ಸೋಲಿಸಿದಾಗ ಅದು ಬರೀ ಆಟದ ಗೆಲುವಾಗಿರಲಿಲ್ಲ ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಲ್ನಿಯಸ್‌ನ ಸ್ವಂತ ತಂಡ ಸ್ಟಾಟಿಬಾ. ಈ ಪ್ಯಾಲೇಸ್ ಅದರ ಮನೆಯಂಗಳ. 1979ರಲ್ಲಿ ಸ್ಟಾಟಿಬಾ ಸೋವಿಯತ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಶರೂನಾಸ್ ಮಾರ್ಚಿಯುಲ್ಯೋನಿಸ್ ಬೆಳೆದಿದ್ದು ಈ ತಂಡದಲ್ಲೇ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಚಿನ್ನ ಗೆದ್ದಾಗ ಅದರ ಮುಖ್ಯ ಆಟಗಾರರಲ್ಲಿ ನಾಲ್ವರು ಲಿಥುವೇನಿಯಾದವರು, ಅವರಲ್ಲಿ ಇವನೂ ಒಬ್ಬ. ಮರುವರ್ಷ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೋದ.

ಸಿಯೋಲ್‌ನ ಆ ಫೈನಲ್ ನಡೆದು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಈ ಸಭಾಂಗಣ ಬೇರೆಯದೇ ಒಂದು ಕಾರಣಕ್ಕೆ ತುಂಬಿತು.

1988ರ ಜೂನ್‌ನಲ್ಲಿ ವಿಲ್ನಿಯಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಒಂದಷ್ಟು ಲೇಖಕರು, ವಿಜ್ಞಾನಿಗಳು, ಕಲಾವಿದರು ಸೇರಿ ಸಾಯೂದಿಸ್ ಅನ್ನುವ ಚಳವಳಿ ಶುರುಮಾಡಿದರು. ಸೋವಿಯತ್ ನಾಯಕ ಗೊರ್ಬಚೇವ್‌ರ ಸುಧಾರಣೆಗಳಿಗೆ ಬೆಂಬಲ ಅಂತ ಶುರುವಾಗಿ, ಕೆಲವೇ ತಿಂಗಳಲ್ಲಿ ಊರೂರಿಗೆ ಹರಡಿತು. ಅಕ್ಟೋಬರ್ 7ರಂದು ಗೆಡಿಮಿನಾಸ್ ಗೋಪುರದ ಮೇಲೆ ಹಳದಿ, ಹಸಿರು, ಕೆಂಪಿನ ತ್ರಿವರ್ಣ ಬಾವುಟ ಏರಿತು. ದಶಕಗಳ ಕಾಲ ಮನೆಯಲ್ಲಿ ಬಚ್ಚಿಟ್ಟುಕೊಂಡರೂ ಜೈಲಿಗೆ ಹೋಗಬೇಕಾಗಿದ್ದ ಬಾವುಟ ಅದು. ಅಕ್ಟೋಬರ್ 22 ಮತ್ತು 23ರಂದು ಸಾಯೂದಿಸ್‌ನ ಸ್ಥಾಪನಾ ಸಮಾವೇಶ ನಡೆದಿದ್ದು ಈ ಪ್ಯಾಲೇಸಿನಲ್ಲಿ. ಸಾವಿರಕ್ಕೂ ಜಾಸ್ತಿ ಪ್ರತಿನಿಧಿಗಳು ಬಂದಿದ್ದರು. ಟಿವಿಯಲ್ಲಿ ನೇರ ಪ್ರಸಾರ. ಜನ ಎರಡು ದಿನ ಟಿವಿ ಮುಂದಿನಿಂದ ಏಳಲಿಲ್ಲ ಅಂತ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು. ಆಗ ಅವರಿಗೆ ಹದಿನಾಲ್ಕು ವರ್ಷ. ಸ್ಟಾಲಿನ್ ಕಾಲದಲ್ಲಿ ಸಾವಿರಾರು ಲಿಥುವೇನಿಯನ್ನರನ್ನು ಗಡೀಪಾರು ಮಾಡಿದ ಸೈಬೀರಿಯಾ ಅನ್ನುವ ಮಾತನ್ನು ಅವರ ಮನೆಯಲ್ಲಿ ಅಜ್ಜಿ ಯಾವಾಗಲೂ ಬಾಗಿಲು ಹಾಕಿಕೊಂಡು ಹೇಳುತ್ತಿದ್ದರಂತೆ. ಆ ದಿನ ಟಿವಿಯಲ್ಲಿ ಯಾರೋ ಮೈಕ್ ಮುಂದೆ ನಿಂತು ಆ ಗಡೀಪಾರಿನ ಬಗ್ಗೆ ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿದರು. ಅಜ್ಜಿ ಎದ್ದು ಹೋಗಿ ಟಿವಿಯ ದನಿ ಕಮ್ಮಿ ಮಾಡಿದರಂತೆ, ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ. ಪಕ್ಕದ ಮನೆಯವರೂ ಅದನ್ನೇ ನೋಡುತ್ತಿದ್ದರು.

ಸಮಾವೇಶದಲ್ಲಿ ಕಮ್ಯುನಿಸ್ಟ್ ಪಕ್ಷದ ಹೊಸ ಮುಖ್ಯಸ್ಥ ಅಲ್ಗಿರ್ದಾಸ್ ಬ್ರಜೌಸ್ಕಾಸ್ ಒಂದು ಘೋಷಣೆ ಮಾಡಿದರು. ವಿಲ್ನಿಯಸ್‌ನ ಕ್ಯಾಥೆಡ್ರಲ್ ಅನ್ನು ಕ್ಯಾಥೊಲಿಕರಿಗೆ ವಾಪಸ್ ಕೊಡಲಾಗುತ್ತದೆ ಅಂತ. ಸೋವಿಯತ್ ಸರ್ಕಾರ ಅದನ್ನು ಚಿತ್ರಶಾಲೆ ಮಾಡಿ ದಶಕಗಳೇ ಆಗಿದ್ದವು. ಕ್ಯಾಥೆಡ್ರಲ್ ಇರುವುದು ನದಿ ದಾಟಿದರೆ ಅಲ್ಲೇ. 23ರ ಬೆಳಿಗ್ಗೆ ಅದರ ಮುಂದೆ, ಬಯಲಲ್ಲಿ, ಕಾರ್ಡಿನಲ್ ಸ್ಲಾಡ್ಕೆವಿಚಿಯುಸ್ ಪೂಜೆ ನಡೆಸಿದರು. ಚೌಕದ ತುಂಬ ಜನ. ಆಮೇಲೆ ಸಮಾವೇಶ ಮುಂದುವರಿದು, 220 ಜನರ ಸೈಮಾ, ಅಂದರೆ ಚಳವಳಿಯ ಪ್ರತಿನಿಧಿ ಸಭೆ, ಆಯ್ಕೆಯಾಯಿತು. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಮುಂದೆ ನಿಂತಿದ್ದವರಲ್ಲಿ ಬಹಳ ಮಂದಿ ಸಾಯೂದಿಸ್‌ನವರೇ.

ಮುಂದಿನ ಚಳಿಗಾಲದಲ್ಲಿ ಟ್ಯಾಂಕುಗಳು ಬಂದವು. 1991ರ ಜನವರಿ 13ರ ರಾತ್ರಿ ಸೋವಿಯತ್ ಸೈನ್ಯ ಟಿವಿ ಗೋಪುರಕ್ಕೆ ನುಗ್ಗಿತು. ಗೋಪುರವನ್ನು ಕಾಯಲು ನಿಂತಿದ್ದವರ ಕೈಯಲ್ಲಿ ಆಯುಧ ಇರಲಿಲ್ಲ. ಆ ಘಟನೆಯಲ್ಲಿ 14 ಜನ ಸತ್ತರು, ನೂರಾರು ಜನ ಗಾಯಗೊಂಡರು. ಸತ್ತವರಲ್ಲಿ ಒಬ್ಬಳೇ ಹೆಣ್ಣುಮಗಳು, ಲೋರೆಟಾ ಅಸನಾವಿಚ್ಯೂಟೆ. ಮೃತರ ದೇಹಗಳನ್ನು ಅಂತಿಮ ದರ್ಶನಕ್ಕೆ ಇಟ್ಟಿದ್ದು ಈ ಪ್ಯಾಲೇಸಿನಲ್ಲೇ. ಸಾವಿರಾರು ಜನ ಚಳಿಯಲ್ಲಿ ಸಾಲು ನಿಂತು ಒಳಗೆ ಬಂದು ಹೋದರು. ಜನವರಿ 16ರಂದು ಅಂತ್ಯಕ್ರಿಯೆ.

ಕ್ರೀಡಾಂಗಣದಲ್ಲಿ ಕಳೇಬರ ಇಡುವುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಕನ್ನಡದವರಿಗೆ ಅನ್ನಿಸುವುದಿಲ್ಲ, ಅಲ್ವಾ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್, ಇಬ್ಬರನ್ನೂ ನಾವು ಕೊನೆಯ ಸಲ ನೋಡಿದ್ದು ಕಂಠೀರವ ಕ್ರೀಡಾಂಗಣದಲ್ಲಿ. ದುಃಖ ಇಡೀ ಊರಿನದಾದಾಗ ಅದನ್ನು ಹಿಡಿಸುವಷ್ಟು ದೊಡ್ಡ ಜಾಗ ಬೇರೆ ಇರುವುದಿಲ್ಲ. ಅಂಥ ಜಾಗದಲ್ಲಿ ಆಮೇಲೆ ಎಷ್ಟು ಪಂದ್ಯ ನಡೆದರೂ ಆ ದಿನ ಅಲ್ಲಿಂದ ಹೋಗುವುದಿಲ್ಲ. ಹಾಗಾಗಿ ಈ ಕಟ್ಟಡವನ್ನು ಒಡೆಯಬೇಡಿ ಅಂತ ಲಿಥುವೇನಿಯಾದವರು ಹೇಳುವಾಗ ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಇನ್ನು ಅದರ ಅಡಿಯಲ್ಲಿರುವವರ ವಿಷಯ.

ಈ ದಂಡೆಯ ಶ್ನಿಪಿಶ್ಕೆಸ್ ಭಾಗದಲ್ಲಿ, ಪಿರಮೊಂಟ್ ಅಂತ ಕರೆಯುತ್ತಿದ್ದ ಜಾಗದಲ್ಲಿ, ವಿಲ್ನಿಯಸ್ ಯಹೂದಿಗಳ ಅತಿ ಹಳೆಯ ಸ್ಮಶಾನ ಇತ್ತು. ಶತಮಾನಗಳ ಕಾಲ ಊರಿನ ಯಹೂದಿಗಳನ್ನು ಇಲ್ಲೇ ಮಣ್ಣು ಮಾಡಿದರು. 1831ರಲ್ಲಿ ರಷ್ಯಾದ ಝಾರ್ ಆಡಳಿತ ಅದನ್ನು ಮುಚ್ಚಿಸಿತು. ಆಮೇಲೆ ಹೊಸ ಗೋರಿಗಳು ಊರಿನ ಇನ್ನೊಂದು ಕಡೆ, ಉಜುಪಿಸ್‌ನಲ್ಲಿ ಎದ್ದವು. ಆದರೆ ಹಳೇ ಸ್ಮಶಾನಕ್ಕೆ ಜನ ಬರುವುದು ನಿಲ್ಲಲಿಲ್ಲ. ಯಾಕೆಂದರೆ 1797ರಲ್ಲಿ ತೀರಿಕೊಂಡ ಎಲಿಯಾಹು ಬೆನ್ ಶ್ಲೋಮೊ ಜಲ್ಮನ್, ಲೋಕವೆಲ್ಲ ವಿಲ್ನಾ ಗಾವೊನ್ ಅಂತ ಕರೆಯುವ ಮಹಾ ಪಂಡಿತ, ಮಲಗಿದ್ದು ಅಲ್ಲಿ. ವಿಲ್ನಿಯಸ್‌ಗೆ ಲಿಥುವೇನಿಯಾದ ಜೆರುಸಲೇಮ್ ಅಂತ ಹೆಸರಿತ್ತು. ಇಲ್ಲಿನ ಪಾಠಶಾಲೆಗಳು, ಅಚ್ಚುಕೂಟಗಳು, ಗ್ರಂಥಾಲಯಗಳು ದೂರದೂರದವರೆಗೆ ಹೆಸರಾಗಿದ್ದವು. ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯ ಅಧ್ಯಯನಕ್ಕೆ ಮೀಸಲಾದ ಯಿವೊ ಸಂಸ್ಥೆ ಹುಟ್ಟಿದ್ದು ಇಲ್ಲೇ, 1925ರಲ್ಲಿ. ಯುದ್ಧಕ್ಕೆ ಮುಂಚೆ ಊರಿನ ಯಹೂದಿಗಳ ಸಂಖ್ಯೆ ಸುಮಾರು 60,000. 1941ರ ಬೇಸಿಗೆಯಲ್ಲಿ ಜರ್ಮನ್ನರು ಬಂದರು. ಅವರೂ, ಅವರ ಜೊತೆ ಸೇರಿದ ಸ್ಥಳೀಯರೂ, ಬಹುಪಾಲು ಜನರನ್ನು ಊರಾಚೆಯ ಪನೆರಿಯೈ ಕಾಡಿನ ಗುಂಡಿಗಳ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕಿದರು. 1943ರ ಸೆಪ್ಟೆಂಬರ್‌ನಲ್ಲಿ ಘೆಟ್ಟೋ, ಉಳಿದ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಖಾಲಿಯಾಯಿತು.

ಸ್ಮಶಾನ ಮಾತ್ರ ಯುದ್ಧ ಮುಗಿದಾಗಲೂ ಇತ್ತು. ಅದನ್ನು ನೆಲಸಮ ಮಾಡಿದ್ದು ಸೋವಿಯತ್ ಆಡಳಿತ, ಸುಮಾರು 1949-50ರಲ್ಲಿ, ಪಕ್ಕದಲ್ಲಿ ಜಾಲ್ಗಿರಿಸ್ ಕ್ರೀಡಾಂಗಣ ಕಟ್ಟುವ ಹೊತ್ತಿಗೆ. ಬದುಕುಳಿದಿದ್ದ ಬೆರಳೆಣಿಕೆಯ ಯಹೂದಿಗಳು ಗಾವೊನರ ಮತ್ತು ಇನ್ನು ಕೆಲವರ ಅಸ್ಥಿಗಳನ್ನು ಮಾತ್ರ ಬೇರೆ ಸ್ಮಶಾನಕ್ಕೆ ಸಾಗಿಸಲು ಸಾಧ್ಯವಾಯಿತು. ಉಳಿದ ಸಾವಿರಾರು ಜನ ಅಲ್ಲೇ ಉಳಿದರು. ಅವರ ಮೇಲೆಯೇ ಪ್ಯಾಲೇಸ್ ಎದ್ದಿತು.

ಆ ವರ್ಷಗಳಲ್ಲಿ ಊರಿನ ಯಹೂದಿ ಗೋರಿಕಲ್ಲುಗಳು ಕಟ್ಟಡದ ಸಾಮಾನಾದವು. ಮೆಟ್ಟಿಲಿಗೆ ಹಾಕಿದರು, ಗೋಡೆಗೆ ಹಾಕಿದರು. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಜನ ಆ ಮೆಟ್ಟಿಲುಗಳನ್ನು ಹತ್ತಿ ಇಳಿದಿದ್ದಾರೆ. ಒಂದೊಂದಾಗಿ ಬಿಡಿಸಿ ತೆಗೆದ ಕೆಲವು ಕಲ್ಲುಗಳನ್ನು ಉಜುಪಿಸ್‌ನ ಹಳೇ ಸ್ಮಶಾನದ ಸ್ಮಾರಕದಲ್ಲಿ ಈಗ ನೋಡಬಹುದು. ನಾನು ಬೆರಳಿಟ್ಟು ಮುಟ್ಟಿ ನೋಡಿದ್ದೇನೆ. ಹೀಬ್ರೂ ಅಕ್ಷರ ಇರುವ ಮುಖ ಒರಟು. ಇನ್ನೊಂದು ಅಂಚನ್ನು ಅಳತೆಗೆ ಸರಿಹೋಗಲಿ ಅಂತ ಯಂತ್ರದಲ್ಲಿ ನೇರವಾಗಿ ಕತ್ತರಿಸಿದ್ದಾರೆ. ಕತ್ತರಿಸಿದ ಜಾಗದಲ್ಲಿ ಒಂದು ಹೆಸರು ಅರ್ಧಕ್ಕೇ ನಿಂತಿದೆ.

ಪ್ಯಾಲೇಸಿನ ಹೊರಗೆ ಒಂದು ಸ್ಮಾರಕಕಲ್ಲು ಇದೆ. ಇಲ್ಲಿ ಸ್ಮಶಾನ ಇತ್ತು ಅಂತ ಬರೆದಿದೆ. ಅದರ ಮೇಲೆ ಬಂದವರು ಚಿಕ್ಕ ಚಿಕ್ಕ ಕಲ್ಲು ಇಟ್ಟು ಹೋಗುತ್ತಾರೆ, ಯಹೂದಿಗಳಲ್ಲಿ ಗೋರಿಗೆ ಹೂವಿನ ಬದಲು ಕಲ್ಲು ಇಡುವ ಪದ್ಧತಿ. ಒಂದು ಸಂಜೆ ಅಲ್ಲಿ ಕಪ್ಪು ಕೋಟಿನ ವೃದ್ಧರೊಬ್ಬರು ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದರು. ಜೊತೆಗಿದ್ದ ಹುಡುಗ, ಮೊಮ್ಮಗನಿರಬೇಕು, ಕಲ್ಲಿನ ಹತ್ತಿರ ಹೋಗಿ ಬಂದ. ನಾನು ದಾರಿಯಲ್ಲಿ ನಿಂತಿದ್ದು ನೋಡಿ ವೃದ್ಧರು ಇಂಗ್ಲಿಷಿನಲ್ಲಿ ಕೇಳಿದರು, ‘ಸ್ಮಶಾನದ ಗಡಿ ಎಲ್ಲಿಗೆ ಮುಗಿಯುತ್ತದೆ, ಗೊತ್ತಾ?’ ತಾವು ಕೊಹೆನ್ ವಂಶದವರು, ಪುರೋಹಿತ ಮನೆತನ, ಸ್ಮಶಾನದ ಒಳಗೆ ಕಾಲಿಡುವ ಹಾಗಿಲ್ಲ ಅಂದರು. ಹತ್ತಿರ ಬರಬೇಕು ಅಂತಲೇ ಅಷ್ಟು ದೂರದಿಂದ ಬಂದಿದ್ದರು. ಎಲ್ಲಿಯವರೆಗೆ ಬರಬಹುದು ಅಂತ ನೆಲ ನೋಡಿ ತಿಳಿಯುವ ಹಾಗಿರಲಿಲ್ಲ. ಒಂದು ಕಲ್ಲಿನ ಸಾಲು, ಒಂದು ಗಿಡದ ಬೇಲಿ, ಏನೂ ಇರಲಿಲ್ಲ. ಅವರು ರಸ್ತೆಯಂಚಿನಲ್ಲೇ ನಿಂತು ಪ್ರಾರ್ಥನೆ ಮುಗಿಸಿದರು.

ಪ್ಯಾಲೇಸಿನ ಬಾಗಿಲು ಮುಚ್ಚಿದ್ದು 2004ರಲ್ಲಿ. ಕಟ್ಟಡ ಹಳತಾಗಿತ್ತು, ಊರಿಗೆ ಹೊಸ ಅರೀನಾ ಬಂದಿತ್ತು. 2006ರಲ್ಲಿ ಇದು ಪಾರಂಪರಿಕ ಕಟ್ಟಡಗಳ ಪಟ್ಟಿ ಸೇರಿತು, ಹಾಗಾಗಿ ಕೆಡವುವ ಹಾಗಿಲ್ಲ. ಸುತ್ತಮುತ್ತ ಹೊಸ ಅಪಾರ್ಟ್‌ಮೆಂಟುಗಳು ಏಳತೊಡಗಿದಾಗ ಯಹೂದಿ ಸಂಘಟನೆಗಳು ಪ್ರತಿಭಟಿಸಿದವು, 2009ರಲ್ಲಿ ಸ್ಮಶಾನದ ಗಡಿ ರಕ್ಷಿಸುವ ಬಗ್ಗೆ ಒಂದು ಒಪ್ಪಂದವಾಯಿತು. 2015ರಲ್ಲಿ ಕಟ್ಟಡ ಸರ್ಕಾರದ ಕೈಗೆ ಬಂತು. ಇದನ್ನು ನವೀಕರಿಸಿ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರ ಮಾಡೋಣ ಅನ್ನುವುದು ಯೋಜನೆ. ಅದಕ್ಕೆ ಲೋಕದ ಎಲ್ಲ ಕಡೆಯಿಂದ ವಿರೋಧ ಬಂತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. 2021ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಆಮೇಲೆ ಸ್ಮಾರಕ ಮಾಡುವ ಮಾತು ಬಂತು. ವಾದ ಮಾತ್ರ ನಿಂತಿಲ್ಲ. ಸರ್ಕಾರ ಬದಲಾದ ಹಾಗೆ ಮಾತೂ ಬದಲಾಗುತ್ತದೆ.

ಈ ವಾದದಲ್ಲಿ ನನಗೆ ನೋವು ಕೊಡುವುದು ಅದನ್ನು ಇಬ್ಬರ ಜಗಳ ಮಾಡಿರುವುದು. ಈ ಕಡೆ ಲಿಥುವೇನಿಯಾದವರ ಸ್ವಾತಂತ್ರ್ಯದ ನೆನಪು, ಆ ಕಡೆ ಯಹೂದಿಗಳ ಗೋರಿ, ಯಾವುದು ದೊಡ್ಡದು ಹೇಳಿ ಅನ್ನುವ ಹಾಗೆ. 1991ರ ಜನವರಿಯಲ್ಲಿ ಆ ಸಭಾಂಗಣದೊಳಗೆ ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಷ್ಟು ಮಂದಿಗೆ ತಾವು ಸ್ಮಶಾನದ ಮೇಲೆ ನಿಂತಿದ್ದೇವೆ ಅಂತ ಗೊತ್ತಿತ್ತು? ಶಾಲೆಯಲ್ಲಿ ಅದನ್ನು ಹೇಳಿಕೊಡುತ್ತಿರಲಿಲ್ಲ. ಸೈಬೀರಿಯಾದಲ್ಲಿ ಸತ್ತವರ ಬಗ್ಗೆ ಮಾತಾಡಬಾರದು ಅಂದಿದ್ದ ಸರ್ಕಾರವೇ ಈ ಗೋರಿಗಳ ಮೇಲೆ ಕಾಂಕ್ರೀಟ್ ಸುರಿದಿದ್ದು. 1988ರ ಆ ಎರಡು ದಿನ ಜನ ಇದೇ ಕಟ್ಟಡದಲ್ಲಿ ಕೂತು, ನಮ್ಮ ಸತ್ತವರನ್ನು ನಮಗೆ ವಾಪಸ್ ಕೊಡಿ ಅಂತ ಆ ಸರ್ಕಾರವನ್ನು ಕೇಳಿದ್ದರು. ಅದೇ ಮಾತನ್ನು ಈಗ ಯಹೂದಿಗಳು ಕೇಳುತ್ತಿದ್ದಾರೆ. ಒಂದು ಬೇಡಿಕೆಯನ್ನು ಎದೆಗಪ್ಪಿಕೊಂಡವರು ಇನ್ನೊಂದನ್ನು ಪರರದ್ದು ಅನ್ನಲು ಹೇಗೆ ಸಾಧ್ಯ?

ಸಮಾವೇಶ ಕೇಂದ್ರ ಬೇಕು ಅನ್ನುವವರ ಒಂದು ಮಾತು ನಾನು ತುಂಬ ಸಲ ಕೇಳಿದ್ದೇನೆ. ಊರಿನ ಹೃದಯಭಾಗದ ಇಷ್ಟು ಬೆಲೆಬಾಳುವ ಜಾಗ ಹೀಗೆ ಖಾಲಿ ಬಿದ್ದಿರಬಾರದು ಅನ್ನುವ ಮಾತು. ಆದರೆ ಅದು ಖಾಲಿ ಇಲ್ಲ, ಸ್ಮಶಾನ ಎಂದಿಗೂ ಖಾಲಿ ಇರುವುದಿಲ್ಲ. ಯಹೂದಿ ಧರ್ಮದ ಪ್ರಕಾರ ಗೋರಿಯ ನೆಲ ಅಲ್ಲಿ ಮಲಗಿದವರದ್ದೇ, ಕಲ್ಲು ಹೋದರೂ ಅವರದ್ದೇ. ಹಾಗೆ ನೋಡಿದರೆ ಈ ಜಾಗ ನೂರಾರು ವರ್ಷಗಳಿಂದ ಬಳಕೆಯಲ್ಲೇ ಇದೆ. ನಾವು ಅದಕ್ಕೆ ಹೊಸ ಬಳಕೆ ಹುಡುಕುವ ಅವಸರ ಮಾಡಬೇಕಿಲ್ಲ.

ಕಟ್ಟಡ ಉಳಿಯಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದನ್ನು ಕೆಡವಲು ಹೋದರೆ ಭಾರೀ ಯಂತ್ರಗಳು ಬರಬೇಕು, ಅಡಿಪಾಯ ಕೀಳಬೇಕು. ಅಷ್ಟು ಮಾಡಿದರೆ ಮತ್ತೆ ಮೂಳೆಗಳನ್ನೇ ಕೆದಕಿದ ಹಾಗೆ. ಇದನ್ನು ಯಹೂದಿಗಳಲ್ಲೂ ಹಲವರು ಹೇಳುತ್ತಾರೆ. ಸಭಾಂಗಣದಲ್ಲಿ ಮತ್ತೆ ಸಂಗೀತ, ಮದ್ಯ, ಮಾರಾಟದ ಮಳಿಗೆ ಬೇಡ. 1988ರ ಕಥೆ, 1991ರ ಕಥೆ ಒಳಗೆ ಇರಲಿ. ಹೊರಗಿನ ಹುಲ್ಲುಹಾಸು ಪೂರ್ತಿ ಸ್ಮಶಾನ ಅಂತ ಗೊತ್ತಾಗುವ ಹಾಗಿರಲಿ. ಪುಸ್ತಕಗಳಲ್ಲಿ ಉಳಿದಿರುವ ಗೋರಿಬರಹಗಳಿಂದ ಯಾರ ಯಾರ ಹೆಸರು ಸಿಗುತ್ತದೋ ಅಷ್ಟನ್ನೂ ಹೀಬ್ರೂವಿನಲ್ಲಿ, ಲಿಥುವೇನಿಯನ್‌ನಲ್ಲಿ ಬರೆಸಲಿ. ಗಡಿಯುದ್ದಕ್ಕೂ ಒಂದು ಕಲ್ಲಿನ ಸಾಲು ಹಾಕಲಿ. ಅದಕ್ಕೆ ನೆಲ ಅಗೆಯಬೇಕಿಲ್ಲ, ಮೇಲೆ ಇಟ್ಟರೆ ಸಾಕು. ಕೊಹೆನ್ ವಂಶದ ಯಾವ ವೃದ್ಧರೂ ದಾರಿಹೋಕರನ್ನು ಕೇಳುವ ಪರಿಸ್ಥಿತಿ ಬರಬಾರದು.

ಇದಕ್ಕೆಲ್ಲ ಸಮಿತಿ, ಸಭೆ, ಬಜೆಟ್ ಅಂತ ವರ್ಷಗಳು ಹಿಡಿಯಬಹುದು. ಒಂದು ಕೆಲಸ ಮಾತ್ರ ಕಾಯುವ ಹಾಗಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಸೂರಿನ ಮೇಲೆ ಹಿಮ ಬಿದ್ದಿದೆ, ಕರಗಿದೆ. ತೂಗುಸೂರಿನಲ್ಲಿ ನೀರು ಇಳಿದು ಹಗ್ಗಗಳಿಗೆ ತುಕ್ಕು ಹಿಡಿದರೆ, ಏನು ಮಾಡಬೇಕು ಅನ್ನುವ ವಾದ ಮುಗಿಯುವ ಮೊದಲೇ ಸೂರು ಮುಗಿಯುತ್ತದೆ. ಎಷ್ಟೇ ಖರ್ಚಾಗಲಿ, ಮೊದಲು ಮೇಲಿನಿಂದ ಸೂರು ಸರಿಮಾಡಲಿ. ನೆಲದ ಕಡೆ ಒಂದು ಗುದ್ದಲಿಯೂ ಇಳಿಯುವುದು ಬೇಡ.